ಕಾಕಾ ಒಗೆಸಿದ ಚಟ್ನಿಯ ಗುಂಡು

ನಾನು ಡಾಕ್ಟರಾದದ್ದು ಮಾರ್ಕ್ಸ್‌ನಿಂದಲ್ಲವಂತೆ, ನಮ್ಮ ಆಯಿ ಚಟ್ನಿ ಅರೆಯುತ್ತಿದ್ದ ಗುಂಡುಕಲ್ಲಿನಿಂದಂತೆ! ಹೀಗೆಂದು ತಿಕೋಟಾದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದವನು ನನ್ನ ಸ್ವಂತ ಕಾಕಾ. ಇಂಥವನನ್ನು ಏನೆನ್ನಬೇಕು? ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳಾದರೆ ‘ಇಂಪಾಸಿಬಲ್ ಮ್ಯಾನ್’ ಎನ್ನುತ್ತಿದ್ದರು. ಅವನ ಹೆತ್ತತಾಯಿಯಾದ ಆಯಿ ಇನ್ನೂ ಚೆನ್ನಾಗಿ ಬೈಯುತ್ತಿದ್ದಳು, ಅದನ್ನಿಲ್ಲಿ ಬರೆಯಲಾಗದು.

ಈಗ ಜಲನಗರದ ನಮ್ಮ ಓಣಿಯ ತಾಯಂದಿರು ಮಕ್ಕಳನ್ನು ಸ್ಕೂಟಿಯ ಮೇಲೆ ಟ್ಯೂಷನ್ನಿನಿಂದ ಕರಾಟೆಗೆ, ಕರಾಟೆಯಿಂದ ಕೀಬೋರ್ಡಿಗೆ ಹೊತ್ತು ತಿರುಗುವುದನ್ನು ಕಂಡಾಗ ಕಾಕಾ ನೆನಪಾಗುತ್ತಾನೆ. ಇವರೆಲ್ಲ ಹುಟ್ಟುವ ಮೊದಲೇ, ಎಪ್ಪತ್ತರ ದಶಕದಲ್ಲೇ, ಆ ಹುಚ್ಚನ್ನು ಬಸ್ಸಿನಲ್ಲಿ ನಮ್ಮನೆಗೆ ಹೊತ್ತು ತಂದವನು ಅವನು.

ಅವ್ವ ತೀರಿಕೊಂಡ ಮರುವರ್ಷ ಅದು. ನಾನು ಪಿಯುಸಿ. ಅಪ್ಪನ ಆರ್ಡರ್ ಸ್ಪಷ್ಟವಾಗಿತ್ತು: ಮೆಡಿಕಲ್‌ಗೆ ಒಂದೇ ಸಲ ಅರ್ಜಿ, ಸೀಟು ಸಿಗದಿದ್ದರೆ ಕನಮಡಿಯ ವರ. ವರ ಒಳ್ಳೆಯವನೇ ಇದ್ದಿರಬೇಕು, ಪಾಪ! ನಾನು ಮಾತ್ರ ಪುಸ್ತಕದಲ್ಲಿ ಮುಖ ಹುದುಗಿಸಿ ಕುಳಿತುಬಿಟ್ಟೆ.

ತಿಕೋಟಾದಲ್ಲಿ ಹೊಲ ನೋಡಿಕೊಂಡಿದ್ದ ಕಾಕಾ ಒಂದು ಶನಿವಾರ ಶೇಂಗಾ ಚೀಲದೊಂದಿಗೆ ಬಂದಿಳಿದ.

“ಅಣ್ಣಾ, ಬಸ್ಸಿನ್ಯಾಗ ಪುಣೆದ ಸಾಹೇಬರೊಬ್ಬರು ಹೇಳಿದ್ರು. ಕಾಲೇಜಿನವರಿಗೆ ಬರೇ ಮಾರ್ಕ್ಸ್ ಸಾಲೂದಿಲ್ಲಂತ, ಆಟಾನೂ ಬೇಕಂತ. ಆಲ್‌ರೌಂಡರ್!”

“ಡಾಕ್ಟರಾಗಾಕಿಗೆ ಯಾವ ಆಟಲೇ?”

“ಗುಂಡ ಒಗಿಯೂದು!”

“ಯಾರ ಮ್ಯಾಲ? ಪೇಷಂಟ್ ಮ್ಯಾಲ ಒಗೀತಾಳೇನ?” ಅಪ್ಪ ಪೇಪರಿನಿಂದ ತಲೆಯೆತ್ತಲಿಲ್ಲ.

ಮನೆಯಲ್ಲೇ ಗುಂಡಿರುವಾಗ ಹೊರಗೆ ಹುಡುಕುವುದೇಕೆ? ಮರುದಿನ ಬೆಳಿಗ್ಗೆ ಆಯಿಯ ಗುಂಡುಕಲ್ಲೂ ನಾನೂ ಊರ ಹೊರಗಿನ ಅಥಣಿ ರಸ್ತೆಯ ಬಯಲಿನಲ್ಲಿದ್ದೆವು. ಆಗ ಅಲ್ಲಿ ಮನೆಗಳೆಲ್ಲಿದ್ದವು? ಜಾಲಿ, ಆಡು, ಗಾಳಿ, ಅಷ್ಟೇ. ಆಟಕ್ಕಾಗಿ ಓದು ಕೆಡಬಾರದೆಂದು ಕಾಕಾ ತನ್ನದೇ ಸಿಸ್ಟಮ್ ಕಂಡುಹಿಡಿದಿದ್ದ. ಪ್ರತಿಸಲ ಗುಂಡು ಒಗೆಯುವಾಗ ಕೆಮಿಸ್ಟ್ರಿಯ ಒಂದು ಹೆಸರು ಕೂಗಬೇಕು.

“ಸೋಡಿಯಂ ಕ್ಲೋರೈಡ್,” ಎಂದೆ.

“ಕೇಳಿಸಲಿಲ್ಲ! ಬಾಯಿ ತಗದು ಒದರ್ ಬೇ!” ಬಯಲಿನ ಆ ತುದಿಯಿಂದ ಕಾಕಾ ಕೂಗಿದ.

ಗುಂಡು ಎಷ್ಟು ದೂರ ಬಿತ್ತೆಂದು ಅವನು ಒಮ್ಮೆಯೂ ಅಳೆಯಲಿಲ್ಲ. ಇದೆಂಥ ಕೋಚ್! ನೆಲದ ಕಡೆ ನೋಡುವುದು ಬಿಟ್ಟು ಕಿವಿಗೆ ಕೈ ಹಚ್ಚಿಕೊಂಡು ನಿಂತಿರುತ್ತಿದ್ದ. ನಾನು ಗಂಟಲು ಹರಿಯುವಂತೆ ಕೂಗಿ, ಆಡುಗಳು ದಿಕ್ಕೆಟ್ಟು ಓಡಿದರೆ ಮಾತ್ರ “ಶಾಬಾಸ್!” ಎನ್ನುತ್ತಿದ್ದ.

ಮನೆಗೆ ಬಂದರೆ ಆಯಿ ಬಾಗಿಲಲ್ಲೇ ನಿಂತಿದ್ದಳು. “ಲೇ ಮೂಳಾ, ಚಟ್ನಿ ಏನ ನಿನ್ನ ತಲೀಲೆ ಅರೀಲೇನು?”

“ಅರಿ ಯವ್ವಾ, ಅದೂ ಗಟ್ಟಿನ ಐತಿ.”

ಆ ವರ್ಷವಿಡೀ ನಾವು ತಿಂದ ಚಟ್ನಿಗೆ ಅಥಣಿ ರಸ್ತೆಯ ಮಣ್ಣಿನ ಘಮ ಇತ್ತು.

ಮುಂದೆ ಬಬಲೇಶ್ವರದಲ್ಲಿ ಹುಡುಗಿಯರ ಆಟದ ಸ್ಪರ್ಧೆ. ನಾನು ರೂಢಿಯಂತೆ “ಪೊಟ್ಯಾಸಿಯಂ ಪರ್ಮ್ಯಾಂಗನೇಟ್!” ಎಂದು ಚೀರಿ ಒಗೆದೆ. ಗುಂಡು ನನ್ನ ಕಾಲ ಬಳಿಯೇ ಬಿತ್ತು. ಗಾಬರಿಗೆ ಅಂಪೈರ್ ಮಾಸ್ತರರ ಕೈಯಿಂದ ಸೀಟಿಯೂ ಬಿತ್ತು.

“ಏನ್ರೀ ಇದು, ಮಂತ್ರೇನ್ರಿ?”

“ಸಿಲೆಬಸ್‌ರಿ ಸರ!” ಎಂದ ಕಾಕಾ, ಎದೆಯುಬ್ಬಿಸಿ.

ನನಗೆ ಮೂರನೇ ಬಹುಮಾನ ಬಂತು. ಗುಂಡು ಒಗೆಯಲು ಬಂದವರೇ ಮೂವರು ಎಂಬುದನ್ನು ಕಾಕಾ ಯಾರಿಗೂ ಹೇಳಲಿಲ್ಲ.

ಕೊನೆಗೆ ದೂರದ ಊರಿನ ಮೆಡಿಕಲ್ ಕಾಲೇಜಿನಲ್ಲಿ ಇಂಟರ್‌ವ್ಯೂ. ಕಾಕಾ ಗಂಜಿ ಹಾಕಿದ ಧೋತರ ಉಟ್ಟು ಜೊತೆಗೆ ಬಂದ. ಅವನ ಕೈಚೀಲ ನೆಲಕ್ಕೆ ಜಗ್ಗುತ್ತಿತ್ತು. ಕಾಲೇಜಿನ ಪ್ಯೂನ್‌ಗೆ ಸಂಶಯ.

“ಚೀಲದಾಗ ಏನೈತ್ರಿ ಯಜಮಾನ್ರ?”

“ಎಕ್ಸ್‌ಟ್ರಾ ಕರಿಕ್ಯುಲರ್!”

ಟವೆಲಿನಲ್ಲಿ ಕೂಸಿನಂತೆ ಸುತ್ತಿದ ಗುಂಡು! ಒಳಗಿನ ಸಾಹೇಬರು ಒಗೆದು ತೋರಿಸು ಎಂದರೆ?

ಒಳಗೆ ಯಾರೂ ಆಟದ ಮಾತೆತ್ತಲಿಲ್ಲ. ಮಾರ್ಕ್ಸ್ ನೋಡಿದರು, ಎರಡು ಪ್ರಶ್ನೆ ಕೇಳಿದರು. ಆಮೇಲೆ ನಡುವೆ ಕೂತಿದ್ದ ಹಿರಿಯ ಸರ್ಜನ್ ಕನ್ನಡಕದ ಮೇಲಿಂದ ನೋಡಿ, “ಯೂ ಲುಕ್ ಸೋ ಟಿಮಿಡ್. ಜನರಲ್ ವಾರ್ಡಿನಲ್ಲಿ ನಿನ್ನ ಮಾತು ಯಾರಿಗೆ ಕೇಳಿಸುತ್ತೆ?” ಎಂದರು.

“ಎಲ್ಲರಿಗೂ ಕೇಳಿಸುತ್ತೆ ಸರ್!”

ಅಥಣಿ ರಸ್ತೆಯ ಧ್ವನಿ ಅದು, ನನ್ನನ್ನು ಕೇಳದೆಯೇ ಹೊರಬಿದ್ದಿತ್ತು. ಕಿಟಕಿಯ ಗಾಜು ಝಣ್ಣೆಂದಿತು. ಸರ್ಜನ್ ಕುರ್ಚಿಯಲ್ಲಿ ಹಿಂದೆ ಸರಿದು ನಕ್ಕರು. ಸಂಜೆ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರಿತ್ತು.

ಮರಳಿ ಬರುವ ಬಸ್ಸಿನಲ್ಲಿ ಗುಂಡು ಕಾಕಾನ ತೊಡೆಯ ಮೇಲಿತ್ತು. ನನಗೆ ಅಯ್ಯೋ ಅನ್ನಿಸಿತು. “ಗುಂಡಿನ ಸುದ್ದೀನ ಕೇಳಲಿಲ್ಲ ಕಾಕಾ. ಸುಮ್ನ ಹೊತ್ಕೊಂಡ ಬಂದಿ.”

“ಕೇಳದಿದ್ರ ಬಿಡು.” ಅವನು ಟವೆಲನ್ನು ಬಿಚ್ಚಿ ಮತ್ತೆ ಸುತ್ತಿದ. “ನಿಮ್ಮವ್ವ ಹ್ವಾದಮ್ಯಾಲ ಮನ್ಯಾಗ ನಿನ್ನ ಧ್ವನೀನ ಇದ್ದಿಲ್ಲ ತಂಗಿ. ಓದೂದು, ಉಣ್ಣೂದು, ಮಲಗೂದು. ಅಳಲೂ ಇಲ್ಲ. ಸುಮ್ನ ಒಮ್ಮಿ ಒದರು ಅಂದಿದ್ರ ಒದರ್ತಿದ್ದೇನು?”

ಬಸ್ಸಿನಲ್ಲಿ ಬಂದ ಆ ಪುಣೆಯ ಸಾಹೇಬರು ನಿಜವಾಗಿ ಇದ್ದರೇ? ನಾನು ಕೇಳಲಿಲ್ಲ. ಆಗಲೂ ಕೇಳಲಿಲ್ಲ, ಆಮೇಲೆಂದೂ ಕೇಳಲಿಲ್ಲ. ಕಿಟಕಿಯ ಹೊರಗೆ ಮುಖ ಹಾಕಿ, ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದೆ: “ಪೊಟ್ಯಾಸಿಯಂ ಪರ್ಮ್ಯಾಂಗನೇಟ್!”

ಬಸ್ಸು ಗಕ್ಕನೆ ನಿಂತಿತು. ಕಂಡಕ್ಟರ್ ಹಿಂತಿರುಗಿ ನೋಡಿದ. “ಯಾರ್ರಿ ಇಳಿಯೋರು?”

ಕಾಕಾ ಆ ಗುಂಡಿನ ಟವೆಲಿನಿಂದಲೇ ಮುಖ ಒರೆಸಿಕೊಂಡ. “ಯಾರೂ ಇಳಿಯೂದಿಲ್ಲರಿ,” ಎಂದ, “ನಡೀಲಿ ಮುಂದ.”