ಮಾವನ ಗೋಡೆ, ನನ್ನ ಮದುವೆ

ಆ ಕಟ್ಟಡದಲ್ಲಿ ನನ್ನ ಮದುವೆ ಆಗುವುದೇ ಇಲ್ಲ ಎಂದು ಮೊದಲು ಹೇಳಿದವರು ಶನಿವಾರಸಂತೆಯ ನಮ್ಮ ದೊಡ್ಡವ್ವ. ಎರಡನೆಯವರು ಭಾಗಮಂಡಲದ ನನ್ನ ಅತ್ತೆ, ಅಂದರೆ ಆಗಿನ್ನೂ ಅತ್ತೆಯಾಗದವರು. ಮೂರನೆಯವರು ಆ ಕಟ್ಟಡದ ಅಟೆಂಡರ್. ನಾಲ್ಕನೆಯವಳು ನಾನೇ! ಇಷ್ಟು ಜನ ಒಂದೇ ಮಾತು ಹೇಳಿದ ಮೇಲೆ ಯಾರಾದರೂ ಸುಮ್ಮನಾಗುತ್ತಾರಲ್ಲವೇ? ನೀವು ಸುಮ್ಮನಾಗುತ್ತೀರಿ, ನಾನೂ ಆಗುತ್ತೇನೆ. ನಮ್ಮ ಸೋದರಮಾವ ಮಾತ್ರ ಆಗುವುದಿಲ್ಲ. ಅವರು ಗೋಡೆ ಹೇಳಿದರೆ ಕೇಳುತ್ತಾರೆ, ಮನುಷ್ಯರು ಹೇಳಿದರೆ ಕೇಳುವುದಿಲ್ಲ.

ಇದನ್ನು ತಮಾಷೆಗೆ ಹೇಳುತ್ತಿಲ್ಲ. ಮಾವ ಸೋಮವಾರಪೇಟೆಯ ಗಾರೆ ಮೇಸ್ತ್ರಿ. ಗಾರೆ ಎಂದರೆ ಈಗಿನವರು ತಿಳಿದ ಸಿಮೆಂಟಲ್ಲ. ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿ ಕೊಳೆಸಿದ ನೀರು ಎಲ್ಲ ಕೂಡಿಸಿ ಅರೆದ ಹಳೇ ಕಾಲದ ಗಾರೆ. ಆ ಕೆಲಸ ಕೇಳಿಕೊಂಡು ಬರುವವರು ಈಗ ವರ್ಷಕ್ಕೊಬ್ಬರೋ ಇಬ್ಬರೋ. ಉಳಿದ ದಿನಗಳಲ್ಲಿ ಮಾವ ಊರಿನ ಗೋಡೆಗಳ ಆರೋಗ್ಯ ವಿಚಾರಿಸುತ್ತಾ ತಿರುಗುತ್ತಾರೆ. ಯಾರ ಮನೆಗೆ ಹೋದರೂ ಮೊದಲು ಬೆರಳ ಗಿಣ್ಣಿನಿಂದ ಗೋಡೆ ತಟ್ಟಿ, ಕಿವಿಯಿಟ್ಟು ಕೇಳಿ, ಆಮೇಲೆ ಮನೆಯವರನ್ನು "ಚೆನ್ನಾಗಿದ್ದೀರಾ" ಎಂದು ಕೇಳುತ್ತಾರೆ. ಗೋಡೆ ಚೆನ್ನಾಗಿಲ್ಲದಿದ್ದರೆ ಅದನ್ನೂ ಕೇಳುವುದಿಲ್ಲ!

ಹುಡುಗನ ಮನೆ ನೋಡಲು ಭಾಗಮಂಡಲಕ್ಕೆ ಹೋದಾಗಲೂ ಅದೇ ಆಯಿತು. ಹುಡುಗನ ಕೆಲಸ ಕೇಳಲಿಲ್ಲ, ತೋಟ ಕೇಳಲಿಲ್ಲ. ಕೊಟ್ಟ ಕಾಫಿಯನ್ನು ಕಿಟಕಿಯ ಮೇಲಿಟ್ಟು ನಡುಮನೆಯ ಗೋಡೆಯನ್ನು ಟಕಟಕ ತಟ್ಟಿ, "ಪೊಳ್ಳು" ಎಂದು ತೀರ್ಪು ಕೊಟ್ಟರು.

ಹುಡುಗನ ತಾಯಿ ಬೆಚ್ಚಿಬಿದ್ದರು. "ಎಂಥ ಪೊಳ್ಳು?"

"ಗೋಡೆ ಕಣ್ರವ್ವ. ಹುಡ್ಗ ಗಟ್ಟಿ ಇರ್ಬೋದು. ಅವನ್ನಿನ್ನೂ ತಟ್ಟಿ ನೋಡಿಲ್ಲ."

ಹುಡುಗ ನಕ್ಕುಬಿಟ್ಟ. ಇವನನ್ನು ಮದುವೆಯಾಗಬಹುದು ಎಂದು ನಾನು ನಿಶ್ಚಯಿಸಿದ್ದು ಆಗಲೇ. ಮಾವನನ್ನು ನೋಡಿ ಓಡಿಹೋಗದ ಗಂಡು ಇನ್ನೊಬ್ಬ ಸಿಗುತ್ತಾನೆ ಎಂದು ಏನು ಗ್ಯಾರಂಟಿ?

ನಾನು ಎರಡನೇ ಪಿಯುಸಿಯಲ್ಲಿದ್ದಾಗ ಅವ್ವ ತೀರಿಹೋದಳು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದ. ಅವ್ವನೂ ಮಾವನ ಜೊತೆ ಗಾರೆ ಕೆಲಸಕ್ಕೆ ಹೋಗುತ್ತಿದ್ದವಳೇ. ಮಾವ ಬಳಿಯುವುದು, ಅವ್ವ ಹದ ಹಾಕುವುದು. ಅವಳು ಹೋದ ಮೇಲೆ ನನ್ನನ್ನು ಓದಿಸಿದ್ದು ಮಾವ. ಬೆಳಗಿನ ಮೊದಲ ಬಸ್ಸಿಗೆ ಮಡಿಕೇರಿಯ ಕಾಲೇಜು, ರಜೆಯಲ್ಲಿ ಎಸ್ಟೇಟಿನ ಕಾಫಿ ಪಿಕಿಂಗ್. ಹಾಗೆ ಓದಿ ನಾನು ಡಿಗ್ರಿ ಮುಗಿಸಿದೆ. ನಮ್ಮ ಮನೆತನದ ಮೊದಲ ಡಿಗ್ರಿ! ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ಮೊಳೆ ಸುತ್ತಿಗೆ ಹಿಡಿದು ನಡುಮನೆಗೆ ಬಂದೆ. ಮಾವ ಎರಡೂ ಕೈ ಅಗಲಿಸಿ ಗೋಡೆಗೆ ಅಡ್ಡ ನಿಂತರು.

"ಮೊಳೆ ಹೊಡಿಬ್ಯಾಡ ಮಗ. ಗೋಡೆಗೆ ನೋವಾಯ್ತದೆ."

"ಮಾವ, ಇದು ಡಿಗ್ರಿ!"

"ಡಿಗ್ರಿ ತಗಂಡೋಳು ಗೋಡೆ ಒಡೀತಾಳಾ?"

ನನ್ನ ಡಿಗ್ರಿ ಇವತ್ತಿಗೂ ಅಕ್ಕಿ ಡ್ರಮ್ಮಿನ ಮೇಲೆ ಒರಗಿ ಕೂತಿದೆ. ಅಕ್ಕಿ ತೆಗೆಯುವಾಗಲೆಲ್ಲ ಅದನ್ನು ಇಳಿಸಬೇಕು. ದಿನಕ್ಕೆರಡು ಸಲ ಡಿಗ್ರಿಯನ್ನು ಕೈಯಲ್ಲಿ ಹಿಡಿಯುವ ಭಾಗ್ಯ ಯಾವ ಪದವೀಧರರಿಗಿದೆ ಹೇಳಿ?

ಮದುವೆಯ ಮಾತಿಗೆ ಬರುತ್ತೇನೆ. ನಮ್ಮದೊಂದು ಪದ್ಧತಿ, ಅವರದೊಂದು. ದೊಡ್ಡವ್ವ ಸೋಮವಾರಪೇಟೆಯ ಕಲ್ಯಾಣ ಮಂಟಪವೇ ಆಗಬೇಕು ಎಂದರು. ಹುಡುಗನ ತಾಯಿ ಭಾಗಮಂಡಲವೇ ಆಗಬೇಕು ಎಂದರು. ಇಬ್ಬರೂ ಮೂರು ವಾರ ಫೋನಿನಲ್ಲಿ ಬಹಳ ಮರ್ಯಾದೆಯಿಂದ ಜಗಳವಾಡಿದರು. ಆಗ ಮಾವ ಎದ್ದು ನಿಂತು ಘೋಷಿಸಿದರು:

"ಇತ್ಲಾಗಿಂದೂ ಬ್ಯಾಡ, ಅತ್ಲಾಗಿಂದೂ ಬ್ಯಾಡ. ಮಧ್ಯದಲ್ಲಿ ಮಡಿಕೇರಿ ಅದೆ. ಆ ಹಳೇ ಕಟ್ಟಡದಾಗೆ ರಿಜಿಸ್ಟ್ರಿ ಆಫೀಸದೆ. ಅಲ್ಲೇ ಮದುವೆ."

ಆ ಕಟ್ಟಡ ನಿಮಗೂ ಗೊತ್ತಿರಬಹುದು. ರಾಜರ ಕಾಲದ್ದೆಂದು ಕೆಲವರು, ಬ್ರಿಟಿಷರ ಕಾಲದ್ದೆಂದು ಕೆಲವರು. ಎರಡಾಳು ಎತ್ತರದ ಬಾಗಿಲು, ಮೊಳ ದಪ್ಪದ ಗೋಡೆ, ಕೂಗಿದರೆ ವಾಪಸು ಕೂಗುವ ದೊಡ್ಡ ಹಾಲು. ಅದನ್ನು ರಿಪೇರಿ ಮಾಡಿದ ಗಾರೆಯವರಲ್ಲಿ ಮಾವನೂ ಒಬ್ಬರು. ಅಷ್ಟೇ ಸಾಕಾಯಿತು, ಕಟ್ಟಡ ತಮ್ಮದೇ ಎಂದು ತಿಳಿದಿದ್ದರು. ಕಾಲೇಜಿಗೆ ಸೇರಿಸಲು ನನ್ನನ್ನು ಕರೆದುಕೊಂಡು ಹೋದ ದಿನ ಅದರ ಗೋಡೆಗೆ ಒರಗಿ ನಿಂತಿದ್ದ ಪೊಲೀಸಿನವರಿಗೆ "ಸ್ವಲ್ಪ ಸರ್ದು ನಿಂತ್ಕಳಿ ಸಾರ್" ಎಂದಿದ್ದರು!

"ಆಫೀಸ್‌ಲಿ ಮದುವೆ ಆಗೋಕೆ ಅದ್ ಎಂಥ ರೇಷನ್ ಕಾರ್ಡಾ?" ಎಂದರು ಹುಡುಗನ ತಾಯಿ.

"ಊಟ ಎಲ್ಲಿ ಹಾಕ್ತೀಯ, ಫೈಲಿನ ಮ್ಯಾಲಾ?" ಎಂದರು ದೊಡ್ಡವ್ವ.

ಊಟ ಇಬ್ಬರ ಊರಲ್ಲೂ ಒಂದೊಂದು ದಿನ ಎಂದು ಮಾವ ಒಪ್ಪಿಸಿದರು. ನನ್ನದು ಬೇರೆಯೇ ತಕರಾರು. ಅರ್ಜಿ ಕೊಟ್ಟ ಮೇಲೆ ಮೂವತ್ತು ದಿನ ನಮ್ಮ ಹೆಸರಿನ ನೋಟಿಸ್ ಬೋರ್ಡಿನ ಮೇಲಿರಬೇಕು, ಆಮೇಲೇ ಮದುವೆ. ಮೂವತ್ತೈದನೇ ದಿನಕ್ಕೆ ಆ ಆಫೀಸೇ ಹೊಸ ಕಟ್ಟಡಕ್ಕೆ ಹೋಗುವುದಿತ್ತು. ಹಳೆಯದರ ಗೋಡೆಗಳನ್ನು ಕೆದಕಿ ಸಿಮೆಂಟ್ ಬಳಿಯುತ್ತಾರಂತೆ ಎಂಬ ಸುದ್ದಿಯೂ ಇತ್ತು. ಐದು ದಿನದ ಸಂದಿನಲ್ಲಿ ಯಾರಾದರೂ ಮದುವೆ ಇಟ್ಟುಕೊಳ್ಳುತ್ತಾರೆಯೇ? ಹೊಸ ಕಟ್ಟಡದಲ್ಲೇ ಆಗೋಣ ಮಾವ, ಫ್ಯಾನಿದೆ, ಕುರ್ಚಿ ಇದೆ ಎಂದೆ.

"ಹೊಸದು ಉಸ್ರಾಡಲ್ಲ" ಎಂದರು. ಅಲ್ಲಿಗೆ ಮುಗಿಯಿತು.

ನೋಟಿಸ್ ಹಾಕಿದ ಮಾರನೆಯ ದಿನದಿಂದ ಮಾವ ದಿನಾ ಸೋಮವಾರಪೇಟೆಯಿಂದ ಮಡಿಕೇರಿಗೆ ಬಸ್ ಹತ್ತತೊಡಗಿದರು. ಏಕೆ? ನೋಟಿಸ್ ಕಾಯಲು! ಬೋರ್ಡಿನ ಪಕ್ಕದ ಜಗಲಿಯ ಮೇಲೆ ಬುತ್ತಿ ಇಟ್ಟುಕೊಂಡು ಕೂರುವುದು. ಯಾರಾದರೂ ಅತ್ತ ನೋಡಿದರೆ ಸಾಕು, "ಓದ್ಬುಟ್ಟು ಹೋಗಿ. ನಮ್ಮ ಹುಡ್ಗೀದು. ಡಿಗ್ರಿ ಆಗದೆ" ಎನ್ನುವುದು. ಜಮೀನಿನ ಪತ್ರಕ್ಕೆ ಬಂದವರು, ಸ್ಟಾಂಪ್ ಪೇಪರಿಗೆ ಬಂದವರು, ದಾರಿ ಕೇಳಲು ಬಂದ ಪ್ರವಾಸಿಗಳು, ಎಲ್ಲರೂ ನನ್ನ ಮದುವೆಯ ನೋಟಿಸ್ ಓದಿದರು. ಗೊತ್ತಿಲ್ಲದವರು ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ನಿಲ್ಲಿಸಿ "ಇನ್ನು ಹನ್ನೊಂದು ದಿನ ಅಲ್ವಾ?" ಎಂದು ಕೇಳುವಂತಾಯಿತು!

ಇದರ ಜೊತೆಗೊಂದು ಬೀರುವಿನ ಕಾಟ. ಹಾಲಿನ ಮೂಲೆಯಲ್ಲಿ ಆನೆಯಂಥ ಕಬ್ಬಿಣದ ಬೀರು ಒಂದಿತ್ತು. ಅದನ್ನು ಜರುಗಿಸಿ ಆ ಮೂಲೆಯಲ್ಲೇ ಮದುವೆ ಮಾಡಬೇಕಂತೆ. ಏಕೆಂದು ನಾನು ಕೇಳಿದರೆ "ಅಲ್ಲಿ ಬೆಳಕು ಚೆನ್ನಾಗದೆ". ಆಫೀಸರ್ ಮೇಡಂ ಕೇಳಿದರೆ "ಗೋಡೆಗೆ ಗಾಳಿ ಬೇಕು ಮೇಡಂ". ದೊಡ್ಡವ್ವ ಕೇಳಿದರೆ "ವಾಸ್ತು". ವಾಸ್ತು ನೋಡಿದ ಮನುಷ್ಯನಾ ಇವರು? ನಮ್ಮ ಮನೆಯ ಬಚ್ಚಲು ಯಾವ ದಿಕ್ಕಿಗಿದೆ ಎಂದೇ ಅವರಿಗೆ ಗೊತ್ತಿಲ್ಲ!

"ಇಷ್ಟು ಹಠ ಯಾಕೆ ಮಾವ?" ಎಂದು ಒಂದು ದಿನ ರೇಗಿದೆ.

"ಹಠ ನಂದಲ್ಲ. ಸೊಟ್ಟ ಬೆರಳಿನೋರ್ದು" ಎಂದು ನನ್ನ ಕೈ ತೋರಿಸಿದರು. ನನ್ನ ಬಲಗೈ ಕಿರುಬೆರಳು ಹುಟ್ಟಿನಿಂದಲೇ ಹೊರಕ್ಕೆ ಬಾಗಿದೆ. ಅವ್ವನದೂ ಹಾಗೇ ಇತ್ತು.

ಇಪ್ಪತ್ತಾರನೆಯ ದಿನ ಅಟೆಂಡರ್ ಫೋನ್ ಮಾಡಿದರು. "ಮೇಡಂ, ಬೇಗ ಬನ್ನಿ. ನಿಮ್ಮ ಮಾವ ನೋಟಿಸ್ ಬೋರ್ಡ್ ಕಿತ್ತಿದ್ದಾರೆ."

ಹೋಗಿ ನೋಡಿದರೆ ನಿಜ. ಬೋರ್ಡಿನ ಮೊಳೆ ಹೊಡೆದ ಜಾಗದಲ್ಲಿ ಗಾರೆ ಉದುರುತ್ತಿತ್ತಂತೆ. ಮೂರು ವಾರಕ್ಕೂ ಹೆಚ್ಚು ಕಾಲ ಪಕ್ಕದಲ್ಲೇ ಕೂತು ಅದನ್ನು ನೋಡಿ ನೋಡಿ ಮಾವನಿಗೆ ತಡೆಯಲಾಗಿಲ್ಲ. ಹಿಂದಿನ ದಿನವೇ ಮನೆಯಿಂದ ಅರೆದ ಗಾರೆ, ಕರಣೆ ತಂದು, ಬೋರ್ಡ್ ಇಳಿಸಿ, ಗೋಡೆಗೆ ತೇಪೆ ಹಾಕಲು ಶುರು ಮಾಡಿದ್ದರು. ತೇಪೆ ಮುಗಿಸಿ, ಬೋರ್ಡ್ ಮುಚ್ಚಿಕೊಳ್ಳುವ ಜಾಗದಲ್ಲಿ ಹಸಿ ಗಾರೆಯ ಮೇಲೆ ತಮ್ಮ ಅಂಗೈಯನ್ನೂ ಒತ್ತಿದ್ದರು.

"ಯಜಮಾನ್ರೇ, ಸರ್ಕಾರಿ ಗೋಡೆ ಮೇಲೆ ಇದೆಂಥ ಕೈ?" ಅಟೆಂಡರ್ ಕೂಗುತ್ತಿದ್ದರು.

"ನೀವು ಫೈಲ್ ಮುಗುದ್ ಮ್ಯಾಲೆ ಸೀಲ್ ಹೊಡಿಯಲ್ವಾ? ಹಂಗೇ ಇದು."

ಅದು ನಮ್ಮ ಗಾರೆಯವರ ರೂಢಿ. ಕೆಲಸ ಮುಗಿದ ದಿನ ಯಾರ ಕಣ್ಣಿಗೂ ಬೀಳದ ಕಡೆ ಒಂದು ಅಂಗೈ ಒತ್ತುತ್ತಾರೆ. ನಮ್ಮ ಮನೆಯಲ್ಲೂ ಬಚ್ಚಲ ಹಂಡೆಯ ಹಿಂದೆ ಮಾವನ ಕೈ ಇದೆ.

ಆದರೆ ನೋಟಿಸ್? ಮೇಡಂ ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು. "ನೋಡಿಮ್ಮ, ಮೂವತ್ತು ದಿನ ಎಲ್ಲರಿಗೂ ಕಾಣುವ ಹಾಗೆ ನೋಟಿಸ್ ಇರಬೇಕು. ಎರಡು ದಿನ ಬೋರ್ಡೇ ಗೋಡೆ ಮೇಲಿರಲಿಲ್ಲ. ಮೊದಲಿಂದ ಎಣಿಸಬೇಕಾಗುತ್ತೆ."

ಮೊದಲಿಂದ ಎಣಿಸಿದರೆ ಹೊಸ ಕಟ್ಟಡವೇ ಗತಿ. ಮಾವನ ಮುಖ ಬಿಳುಚಿಕೊಂಡಿತು. ಬೈಯಬೇಕೆಂದು ಬಂದವಳು ಅವರ ಕೈಯಿಂದ ಕರಣೆ ತೆಗೆದುಕೊಂಡೆ.

"ನೋಟಿಸ್ ಇತ್ತು ಮೇಡಂ" ಎಂದರು ಮಾವ ಮೆಲ್ಲಗೆ. "ಗೋಡೆ ಮ್ಯಾಲೆ ಇರ್ಲಿಲ್ಲ. ನನ್ನ ಮ್ಯಾಲಿತ್ತು."

ಬೋರ್ಡನ್ನು ದಾರದಲ್ಲಿ ಕಟ್ಟಿ ಬೆನ್ನಿಗೆ ನೇತುಹಾಕಿಕೊಂಡು ಮಾವ ಗಾರೆ ಬಳಿದಿದ್ದರು! ಗಾರೆ ಒಣಗುವ ತನಕ ಅದನ್ನು ಮುಂದಕ್ಕೆ ತಿರುಗಿಸಿ ಕತ್ತಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. ಹಿಂದಿನ ಸಂಜೆ ಆಫೀಸು ಮುಚ್ಚುವಾಗ ತಾವೇ ಬಾಗಿಲಿಗೆ ಒರಗಿಸಿ ಹೋಗಿ, ಬೆಳಿಗ್ಗೆ ಬೀಗ ತೆಗೆಯುವ ಮೊದಲೇ ಬಂದು ಮತ್ತೆ ಹಾಕಿಕೊಂಡಿದ್ದರು; ಅಂಗೈ ಒತ್ತುವಾಗಲಷ್ಟೇ ಕೆಳಗಿಳಿಸಿದ್ದರು. ಮೇಡಂ ನಂಬಲಿಲ್ಲ. ಆಗ ನನ್ನ ಹುಡುಗನ ಫೋನ್ ಬಂತು. ಅವನ ತಾಯಿಯ ಸ್ತ್ರೀಶಕ್ತಿ ಸಂಘದ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂದಿದೆಯಂತೆ: ಬೆನ್ನ ಮೇಲೆ ನಮ್ಮಿಬ್ಬರ ಹೆಸರು, ಕೈಯಲ್ಲಿ ಕರಣೆ. ಯಾರೋ ತೆಗೆದ ಫೋಟೋ ಒಂದೇ ದಿನದಲ್ಲಿ ಜಿಲ್ಲೆ ಸುತ್ತಿತ್ತು. ಅತ್ತೆಯವರು ಅದಕ್ಕೆ "ನಮ್ಮ ಬೀಗರು" ಎಂದು ಬರೆದು, ತಲೆಗೆ ಕೈ ಹೊತ್ತ ಗೊಂಬೆಯೊಂದನ್ನು ಅಂಟಿಸಿ ಬೇರೆ ಗುಂಪುಗಳಿಗೂ ಕಳಿಸಿದ್ದರು.

ಅವನು ಕಳಿಸಿದ ಫೋಟೋವನ್ನು ಮೇಡಂ ನನ್ನ ಫೋನಿನಲ್ಲಿ ನೋಡಿದರು. ಮುಖ ಬಿಗಿ ಹಿಡಿದುಕೊಂಡೇ ಹೇಳಿದರು, "ಇದು ನನಗೂ ಬಂದಿತ್ತು. ಬೆನ್ನು ಮಾತ್ರ ಕಾಣ್ತಿತ್ತು, ಯಾರೂಂತ ಗೊತ್ತಾಗಲಿಲ್ಲ." ಆಮೇಲೆ ಅಟೆಂಡರ್ ಕಡೆ ತಿರುಗಿದರು. "ಎಲ್ಲರಿಗೂ ಕಾಣುವ ಜಾಗದಲ್ಲಿ ಇರಬೇಕು ಅಂತಿದೆ. ಇದಕ್ಕಿಂತ ಕಾಣುವ ಜಾಗ ಈ ಆಫೀಸಲ್ಲಿ ಯಾವುದಿದೆ? ಎಣಿಕೆ ಮುಂದುವರಿಸಿ."

ಮೂವತ್ತೆರಡನೇ ದಿನ ಮದುವೆ. ಹಾಲಿನ ತುಂಬ ಫೈಲು ಕಟ್ಟಿದ ಮೂಟೆಗಳು. ಒಂದು ಮೂಟೆಯ ಮೇಲೆ ದೊಡ್ಡವ್ವ, ಇನ್ನೊಂದರ ಮೇಲೆ ಅತ್ತೆ ರೇಷ್ಮೆ ಸೀರೆಯುಟ್ಟು ಕೂತಿದ್ದರು. ನೋಡಿದವರು ಇವರನ್ನೂ ಹೊಸ ಕಟ್ಟಡಕ್ಕೆ ಸಾಗಿಸುತ್ತಾರೆ ಎಂದುಕೊಳ್ಳಬೇಕು! ಬೀರು ಖಾಲಿಯಾಗಿತ್ತು. ಅದನ್ನು ನೋಡಿದ್ದೇ ಮಾವ ಪಂಚೆ ಎತ್ತಿ ಕಟ್ಟಿದರು.

"ಮಾವ, ಇವತ್ತೊಂದಿನ ಸುಮ್ನಿರಿ" ಎಂದು ಹಲ್ಲು ಕಚ್ಚಿ ಹೇಳಿದೆ.

"ಜಾಸ್ತಿ ಬ್ಯಾಡ ಮಗ, ಮೂರಡಿ."

ಮದುಮಗ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು ಬೀರುವಿಗೆ ಹೆಗಲು ಕೊಟ್ಟ. ಅಟೆಂಡರ್ ಬೈದುಕೊಂಡೇ ಇನ್ನೊಂದು ಕಡೆ ಹಿಡಿದರು. ಕಿರ್ರೆಂದು ಬೀರು ಸರಿಯಿತು. ಜೇಡರ ಬಲೆ, ಸತ್ತ ಹಲ್ಲಿ, ಯಾರದೋ ಕಳೆದುಹೋದ ಅರ್ಜಿ. ಮಾವ ಟವಲ್ಲಿನಿಂದ ಗೋಡೆ ಒರೆಸಿದರು. ಒಂದು ಕಡೆ ಒರೆಸಿದರು, ಇನ್ನೊಂದು ಕಡೆ ಒರೆಸಿದರು, ಆಮೇಲೆ ಕೈ ನಿಲ್ಲಿಸಿ ಉಸಿರು ಬಿಟ್ಟರು. "ಅದೆ" ಎಂದರು.

ಸಹಿ ಹಾಕುವಾಗಲೂ ಅವರ ಕಣ್ಣು ಆ ಗೋಡೆಯ ಮೇಲೇ. ನಾವು ಹಾರ ಬದಲಾಯಿಸಿದೆವು, ರಿಜಿಸ್ಟರಿಗೆ ಸಹಿ ಹಾಕಿದೆವು, ಮೂವರು ಸಾಕ್ಷಿಗಳು ಹಾಕಿದರು. ಮೇಡಂ ಸರ್ಟಿಫಿಕೇಟನ್ನು ನನ್ನ ಕೈಗಿತ್ತು "ಈ ಹಾಲಿನ ಕೊನೇ ಮದುವೆ ನಿಮ್ಮದು" ಎಂದರು. ನಾನದನ್ನು ಮಾವನ ಕಡೆ ಚಾಚಿದೆ. ಎಷ್ಟು ಗೋಳು ಹೊಯ್ದುಕೊಂಡಿದ್ದರೂ ಮೊದಲು ಕೊಡಬೇಕಾದ್ದು ಅವರಿಗೇ ತಾನೇ?

ಮಾವ ತೆಗೆದುಕೊಳ್ಳಲಿಲ್ಲ. ನನ್ನ ಮೊಣಕೈ ಹಿಡಿದು ಆ ಮೂಲೆಗೆ ಕರೆದೊಯ್ದರು. ಗೋಡೆಯಲ್ಲಿ, ನನ್ನ ಎದೆಯ ಮಟ್ಟದಲ್ಲಿ, ಗಾರೆಯೊಳಗೆ ಇಳಿದ ಒಂದು ಅಂಗೈ. ಚಿಕ್ಕದು. ಮಣಿಕಟ್ಟಿನ ಹತ್ತಿರ ಬಳೆಗಳ ಗೆರೆ. ಕಿರುಬೆರಳು ಹೊರಕ್ಕೆ ಬಾಗಿತ್ತು.

"ಆವಾಗ ನೀನು ಹೊಟ್ಟೇಲಿದ್ದೆ" ಎಂದರು ಮಾವ. "ನಂಗ್ಯಾಕವ್ವ ಕೊಡ್ತೀಯ? ನಿಮ್ಮವ್ವನ ಕೈಗೆ ಕೊಡು. ಅವತ್ತಿಂದ ಕೈ ಚಾಚ್ಕಂಡು ನಿಂತವ್ಳೆ."