ಕಿವಿ ಮುಟ್ಟುವ ವಯಸ್ಸು

ವಯಸ್ಸಿನ ವಿಷಯದಲ್ಲಿ ನಾನು ಅಷ್ಟೇನೂ ಪ್ರಾಮಾಣಿಕ ಮನುಷ್ಯನಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತಿಂಗಳಿಗೊಮ್ಮೆ ತಲೆಗೆ ಕಪ್ಪು ಬಳಿದುಕೊಳ್ಳುತ್ತೇನೆ. ಬಸ್ಸಿನಲ್ಲಿ ಯಾರಾದರೂ ಎದ್ದು "ಕೂಡ್ರಿ ಅಜ್ಜಾರ" ಎಂದರೆ, ಮುಂದಿನ ಸ್ಟಾಪಿನಲ್ಲೇ ಇಳಿಯುವವನಂತೆ ನಿಂತೇ ಇರುತ್ತೇನೆ. ಒಮ್ಮೆ ಈ ನಟನೆ ಹೆಚ್ಚಾಗಿ, ಕಂಡಕ್ಟರ್ ಸೀಟಿ ಊದಿ ನನ್ನನ್ನು ನಿಜವಾಗಿಯೂ ಇಳಿಸಿದ; ಅಲ್ಲಿಂದ ನವನಗರದವರೆಗೆ ನಡೆದುಕೊಂಡೇ ಮನೆ ಸೇರಿದೆ. ಇಂಥ ನಾನು ಒಂದು ವಾರ ಪೂರ್ತಿ ತಲೆಗೆ ಬಣ್ಣ ಹಚ್ಚದೆ, ಗಡ್ಡ ಹೆರೆಯದೆ, ಕನ್ನಡಿಯ ಮುಂದೆ ಬೆನ್ನು ಬಗ್ಗಿಸಿ ನಡೆಯುವುದನ್ನು ಅಭ್ಯಾಸ ಮಾಡಿದೆನೆಂದರೆ ಅದಕ್ಕೆ ತಕ್ಕ ಕಾರಣ ಇರಲೇಬೇಕಲ್ಲ.

ಕಾರಣ ತಂದವರು ಪಕ್ಕದ ಮನೆಯ ದೇಸಾಯರು. ಒಂದು ಮುಂಜಾನೆ ಕಂಪೌಂಡಿನ ಆಚೆಯಿಂದಲೇ ಕೂಗಿದರು: "ಮಾಸ್ತರ, ಅರವತ್ತೈದು ತುಂಬಿದವರಿಗೆ ಮನಿ ತೆರಿಗಿ ಒಳಗ ಸವಲತ್ತು ಕೊಡತಾರಂತ! ಮನಿ ನಿಮ್ಮ ಹೆಸರಿನ್ಯಾಗ ಇರಬೇಕು, ಅದರಾಗ ನೀವ ಇರಬೇಕು, ಅಷ್ಟ. ಮ್ಯಾಲ ಹಿರಿಯರಿಗೆ ಬ್ಯಾರೆ ಪಾಳಿ, ಕೂಡ್ಲಿಕ್ಕೆ ಕುರ್ಚಿ!" ಸುಳ್ಳೇಕೆ ಹೇಳಲಿ, ಸವಲತ್ತಿಗಿಂತ ಆ ಕುರ್ಚಿಯೇ ನನಗೆ ಹಿಡಿಸಿತು. ಪ್ರತಿ ವರ್ಷ ಬೇಸಿಗೆಯಲ್ಲಿ ಆ ಪಾಳಿಯಲ್ಲಿ ನಿಂತು ನಿಂತು, ಮುಂದಿನವರ ಬೆನ್ನು ನೋಡಿಯೇ ಊರಿನ ಅರ್ಧ ಜನರನ್ನು ಗುರುತಿಸುವಷ್ಟು ಪರಿಣತನಾಗಿದ್ದೇನೆ. ನನಗೆ ಆ ಯುಗಾದಿಗೆ ಸರಿಯಾಗಿ ಅರವತ್ತೈದು ತುಂಬಿತ್ತು. ಹುರುಪಿನಲ್ಲಿ, ದೇಸಾಯರ ಎದುರಿಗೇ, ಹೆಂಡತಿಗೆ ಮಾತು ಕೊಟ್ಟುಬಿಟ್ಟೆ: "ಉಳಿದ ರೊಕ್ಕದಾಗ ದುರ್ಗದಬೈಲಿಗೆ ಹೋಗಿ ನಿನಗ ಇಳಕಲ್ ಸೀರಿ ತರೂಣು."

"ಸೀರಿ ಇರಲಿ," ಎಂದಳು ಇಂದಿರಾ, ಸೊಪ್ಪು ಸೋಸುತ್ತಾ. "ನಿಮ್ಮ ಸಾಲಿ ದಾಖಲೆದಾಗ ಎರಡು ವರ್ಷ ಕಡಿಮಿ ಅದ ಅಲ್ಲ?"

ಹೆಂಡಂದಿರಿಗೆ ಬೇಡವಾದದ್ದು ಬೇಡವಾದಾಗಲೇ ನೆನಪಾಗುತ್ತದೆ. ಅವಳು ಹೇಳಿದ್ದೇನೋ ನಿಜ. ನನ್ನನ್ನು ಶಾಲೆಗೆ ಸೇರಿಸುವಾಗ ನಮ್ಮಪ್ಪ "ಮುಂದ ನೌಕರಿಗೆ ಅನುಕೂಲ ಆಗತದ" ಎಂದು ಎರಡು ವರ್ಷ ಚಿಕ್ಕವನೆಂದು ಬರೆಸಿದ್ದರು. ಅದರ ಪುಣ್ಯದಿಂದ ನಾನು ಜೊತೆಯವರಿಗಿಂತ ಎರಡು ವರ್ಷ ಹೆಚ್ಚಿಗೆ ಪಗಾರ ತಿಂದೆ. ಆ ಪಗಾರದಲ್ಲೇ ಮಹಡಿಯ ಮೇಲೊಂದು ಖೋಲಿ ಎಬ್ಬಿಸಿದೆ, ಅಪ್ಪನ ದೂರದೃಷ್ಟಿಯನ್ನು ಬಂದವರೆದುರು ಹೊಗಳಿದೆ. ಆ ಖೋಲಿ ಎದ್ದ ಮೇಲೆಯೇ ಮನೆಯ ತೆರಿಗೆಯೂ ಎದ್ದಿತು ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಇರಲಿ, ಖರೆ ವಯಸ್ಸಿಗೆ ಸಾಕ್ಷಿಯಾಗಿ ಜಾತಕವಿದೆಯಲ್ಲ ಎಂದುಕೊಂಡೆ. ಅರಿಸಿನ ಹಚ್ಚಿದ ಅದನ್ನು ದೇವರ ಕಪಾಟಿನಿಂದ ತೆಗೆದು, ಉಳಿದ ಕಾಗದಗಳ ಜೊತೆಗೆ ಚೀಲಕ್ಕೆ ಹಾಕಿಕೊಂಡು, ಅಭ್ಯಾಸ ಮಾಡಿದ್ದ ಬಗ್ಗಿದ ಬೆನ್ನಿನೊಂದಿಗೆ ತೆರಿಗೆ ಕಚೇರಿಗೆ ಹೋದೆ. ಹಿರಿಯರ ಪಾಳಿಯಲ್ಲಿ ಯಾರೂ ಇರಲಿಲ್ಲ. ಕುರ್ಚಿಯಲ್ಲಿ ಕುಳಿತೆ. ಮೇಜಿನಾಚೆಯ ಗುಮಾಸ್ತ ತಲೆಯೆತ್ತಿದವನೇ ಎದ್ದು ನಿಂತ.

"ನಮಸ್ಕಾರ್ರಿ ಸರ್! ಗುರ್ತು ಸಿಗಲಿಲ್ಲೇನ್ರಿ? ನಾನ್ರಿ, ಮಡಿವಾಳಪ್ಪ. ನಿಮ್ಮ ಕೈಯಾಗ ಒಂದನೇ ಇಯತ್ತೆ ಕಲತಾವ."

ಅಮ್ಮಿನಬಾವಿಯ ಆಚೆಗಿನ ಸಣ್ಣ ಹಳ್ಳಿಯೊಂದರಲ್ಲಿ ನಾನು ಮಾಸ್ತರಿಕೆ ಮಾಡುತ್ತಿದ್ದಾಗಿನ ಹುಡುಗ. ಚಹಾ ತರಿಸಿದ. ಕೆಲಸ ಆದಂತೆಯೇ ಎಂದುಕೊಂಡು ಬೆನ್ನು ನೆಟ್ಟಗೆ ಮಾಡಿದೆ. ಅಷ್ಟರಲ್ಲಿ ಅವನು ಕಾಗದ ನೋಡಿ ತಲೆ ಕೆರೆದುಕೊಂಡ.

"ಸರ್, ಇದರಾಗ ಅರವತ್ಮೂರ ಐತಲ್ರಿ."

ನಾನು ಜಾತಕ ಬಿಚ್ಚಿದೆ. ಅವನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ಹಾಗೇ ಮರಳಿಸಿದ. "ಇದರಾಗ ಶನಿ ಎಲ್ಲಿ ಕುಂತಾನ ಅನ್ನೂದು ಗೊತ್ತಾಗತೈತ್ರಿ. ತೆರಿಗಿಗೆ ಇದು ನಡಿಯೂದಿಲ್ರಿ."

"ಅಲ್ಲೋ, ಸಾಲಿ ದಾಖಲೆದಾಗ ತಾರೀಖು ಹೆಂಗ ಬರೀತಿದ್ರು ನಿನಗೇನು ಗೊತ್ತು?" ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ.

"ನನಗ ಗೊತ್ತಿಲ್ದ ಮತ್ಯಾರಿಗೆ ಗೊತ್ತಿರತೈತ್ರಿ ಸರ್?" ಎಂದು ನಕ್ಕ ಮಡಿವಾಳಪ್ಪ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿಯನ್ನು ಹಿಡಿದುಕೊಂಡ.

ಕಿವಿ ಹಿಡಿದ ಆ ಕೈ ನೋಡಿ ನನಗೆ ಹಳೆಯ ಶಾಲೆ ನೆನಪಾಯಿತು. ಆಗ ಹಳ್ಳಿಯಲ್ಲಿ ಯಾವ ಮಗು ಎಂದು ಹುಟ್ಟಿತೆಂದು ಬರೆದಿಟ್ಟವರಿರಲಿಲ್ಲ. ಕೈ ತಲೆಯ ಮೇಲಿಂದ ಬಂದು ಆಚೆ ಕಿವಿಗೆ ಮುಟ್ಟಿದರೆ ಆರು ವರ್ಷ, ಹುಟ್ಟಿದ್ದು ಜೂನ್ ಒಂದು. ಮುಟ್ಟದಿದ್ದರೆ "ಮುಂದಿನ ವರ್ಷ ಕರಕೊಂಡು ಬರ್ರಿ." ನನ್ನ ಶಾಲೆಯ ಮಕ್ಕಳೆಲ್ಲ ಜೂನ್ ಒಂದಕ್ಕೇ ಹುಟ್ಟಿದವರು. ಈ ಮಡಿವಾಳಪ್ಪನ ತೋಳು ಹುಟ್ಟಾ ಉದ್ದ. ಕೈ ಕಿವಿ ದಾಟಿ ಗಲ್ಲಕ್ಕೇ ಬಂದಿತ್ತು. ಆರು ಎಂದು ಬರೆದೆ. ಮಾರನೆಯ ದಿನ ಅವನ ತಾಯಿ ಬಂದು "ಮಾಸ್ತರ್ರ, ಹೋದ ಸುಗ್ಗಿಗೆ ನಾಕು ತುಂಬ್ಯಾವ್ರಿ ಇವಂಗ" ಎಂದಳು. ದಾಖಲೆ ಪುಸ್ತಕದಲ್ಲಿ ಹೊಡೆದು ತಿದ್ದಿದರೆ ಇನ್‌ಸ್ಪೆಕ್ಟರರು ಬೈಯುತ್ತಾರೆಂಬ ಅಂಜಿಕೆ ನನಗೆ. "ಯವ್ವಾ, ಪುಸ್ತಕದಾಗ ಬರದದ್ದ ಖರೇ" ಎಂದು ಗಂಭೀರವಾಗಿ ಹೇಳಿ ಕಳಿಸಿದ್ದೆ.

"ತಿದ್ದಸಾಕ ನಾನೂ ಭಾಳ ಓಡ್ಯಾಡಿದೆ ಸರ್," ಎಂದ ಮಡಿವಾಳಪ್ಪ. "ಎಲ್ಲಿ ಹೋದ್ರೂ ಅದ ಮಾತು, ಪುಸ್ತಕದಾಗ ಬರದದ್ದ ಖರೇ. ಎರಡು ವರ್ಷ ಮೊದ್ಲ ನೌಕರಿ ಬಿಟ್ಟು ಮನಿಗೆ ಹೋಗಬೇಕು ನಾನು. ನಂದು ಎರಡು ಹೆಚ್ಚು, ನಿಮ್ದು ಎರಡು ಕಡಿಮಿ. ಅದಲು ಬದಲು ಮಾಡೂ ಹಂಗಿದ್ರ ಈಗಿಂದೀಗ ಮಾಡತಿದ್ದೆ ನೋಡ್ರಿ."

ಅವನ ದನಿಯಲ್ಲಿ ಎಳ್ಳಷ್ಟೂ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ನಮ್ಮಪ್ಪ ನನಗೆ ಗಳಿಸಿಕೊಟ್ಟಷ್ಟನ್ನೇ ನಾನು ಇವನಿಂದ ಕಳೆದಿದ್ದೆ. "ತಪ್ಪಾತಪ್ಪ" ಎಂದೆ.

"ಬಿಡ್ರಿ ಸರ್. ಆ ಪುಸ್ತಕ ಓದಾಕ ಬರೂಹಂಗ ಕಲಿಸಿದವರೂ ನೀವ ಅಲ್ರಿ? ಎರಡು ವರ್ಷ ಬಿಟ್ಟು ಬರ್ರಿ, ನಾನ ನಿಂತು ಮಾಡಿಸಿಕೊಡತೇನಿ." ಆಮೇಲೆ ಬಲು ಸಂಕೋಚದಿಂದ ದನಿ ತಗ್ಗಿಸಿದ. "ಮತ್ತ ಸರ್... ಆ ಕುರ್ಚಿ ಹಿರಿಯರಿಗೆ ಇಟ್ಟದ್ದು ರೀ."

ತಿರುಗಿ ನೋಡಿದೆ. ಗುಂಡುಕಲ್ಲಿನಂತಿದ್ದ ಒಬ್ಬ ಗೃಹಸ್ಥ ಅರವತ್ತಾರರ ದಾಖಲೆ ಹಿಡಿದು ಕಾಯುತ್ತಿದ್ದ. ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಅವನು "ಕೂಡ್ರಿ ಅಜ್ಜಾರ, ನಾ ನಿಂದರತೇನಿ" ಎಂದ. ನಾನು ದೊಡ್ಡ ಪಾಳಿಯ ಬಾಲಕ್ಕೆ ಹೋಗಿ ನಿಂತೆ, ಪೂರ್ತಿ ತೆರಿಗೆ ಕಟ್ಟಿ ಬಂದೆ.

ಮನೆಯಲ್ಲಿ ಇಂದಿರಾ ಸೀರೆಯ ಮಾತೆತ್ತಲಿಲ್ಲ, ಅದೇ ಹೆಚ್ಚು ಚುಚ್ಚಿತು. ನಡೆದದ್ದನ್ನೆಲ್ಲ ಹೇಳಿದೆ. ಆಮೇಲೆ ಮೇಲಿನ ಖೋಲಿಗೆ ಹೋಗಿ ಕನ್ನಡಿಯ ಮುಂದೆ ನಿಂತೆ. ಇಷ್ಟು ಮಕ್ಕಳಿಂದ ಮಾಡಿಸಿದ್ದನ್ನು ನಾನೇ ಒಮ್ಮೆ ಮಾಡಿ ನೋಡೋಣವೆನಿಸಿತು. ಬಲಗೈ ಎತ್ತಿ ತಲೆಯ ಮೇಲಿಂದ ಹಾಯಿಸಿದೆ. ನಡುನೆತ್ತಿಗೆ ಬರುವಷ್ಟರಲ್ಲಿ ಭುಜದಲ್ಲಿ ಕಟಕ್ ಎಂದಿತು. ಕೈ ಮುಂದಕ್ಕೂ ಹೋಗದು, ಕೆಳಗೂ ಇಳಿಯದು. ಎಡಗಿವಿ ಇನ್ನೂ ಒಂದು ಗೇಣು ದೂರದಲ್ಲಿತ್ತು. ಕೂಗಿದೆ.

ಇಂದಿರಾ ಬಾಗಿಲಲ್ಲಿ ನಿಂತು ನನ್ನನ್ನೂ ಕನ್ನಡಿಯನ್ನೂ ನೋಡಿದಳು. ಮಾಸ್ತರನ ಹೆಂಡತಿ, ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

"ಮುಟ್ಟವಲ್ದು," ಎಂದಳು. "ಮುಂದಿನ ವರ್ಷ ಕರಕೊಂಡು ಬರ್ತೀನಿ, ನಡೀರಿ."