ಕಾನಲನ ಹೆಸರಿನ ಮಟ್ಟು

ದೇಶದ ಗಡಿ, ಆತ್ಮದ ಮೋಕ್ಷ, ಇಂಥವೆಲ್ಲ ಐರ್ಲೆಂಡಿನ ಡೊನಿಗಾಲಿನ ಕಡಲತಡಿಯಲ್ಲಿ ಎರಡನೆಯ ಸಾಲಿನ ಪ್ರಶ್ನೆಗಳು. ಮೊದಲ ಸಾಲಿನಲ್ಲಿ ಕೂರುವ ಪ್ರಶ್ನೆ ಒಂದೇ: ಈ ಪಿಟೀಲಿನ ಮಟ್ಟು ಯಾರದು? ಗೋರಿಕಲ್ಲಿನ ಮೇಲಿನ ಹೆಸರಿಗೆ ಪಾಚಿ ಹಿಡಿಯುತ್ತದೆ. ಮಟ್ಟಿಗಿಟ್ಟ ಹೆಸರು ಅಲ್ಲಿ ಮಾಸುವುದಿಲ್ಲ.

ಹೆಂಡತಿ ಮಕ್ಕಳಿಲ್ಲದ ಕಾನಲನಿಗೆ ಬೇಕಾಗಿದ್ದುದು ಅಷ್ಟೇ, ತನ್ನ ಹೆಸರಿನ ಒಂದು ಮಟ್ಟು. ಅವನ ಕಮಾನು ತಂತಿಯ ಮೇಲೆ ಹೊಸ ಬೂಟು ಕಚ್ಚಿದವನಂತೆ ಕುಂಟುತ್ತಿತ್ತು, ನಿಜ. ಆದರೂ ಚಳಿಗಾಲವಿಡೀ ಕೊಟ್ಟಿಗೆಯಲ್ಲಿ ಕೂತು, ಹಸುವೊಂದನ್ನೇ ಸಭೆಯೆಂದುಕೊಂಡು, ತಿದ್ದಿ ತೀಡಿ ಒಂದನ್ನು ಕಟ್ಟಿದ್ದ. ಭಾನುವಾರ ಇಗರ್ಜಿಯಿಂದ ನೇರ ನಾಬ್ಲಾಳ ಪಬ್ಬಿಗೆ ಹೋಗಿ ನುಡಿಸಿಬಿಟ್ಟ.

ಊರ ಹಿರಿಯ ಪಿಟೀಲುಗಾರ ಹ್ಯೂಯಿ ಕಣ್ಣೊರೆಸಿಕೊಂಡ. "ನಮ್ಮಪ್ಪನ ಮಟ್ಟು ಕಣೋ! ಎಲ್ಲಿ ಸಿಕ್ತೋ ನಿಂಗೆ?"

"ಹ್ಯೂಯಣ್ಣಾ, ಇದು ನಂದು!"

ಮೀನು ಕೊಳ್ಳಲು ಸ್ಕಾಟ್ಲೆಂಡಿನಿಂದ ಬಂದಿದ್ದ ಮರ್ಡೋ ಲೋಟ ಕುಕ್ಕಿದ. "ಇಬ್ರೂ ಸುಮ್ನಿರಿ. ನಮ್ಮಜ್ಜಿ ಇದನ್ನ ಗುನುಗ್ತಾನೇ ಬೆಣ್ಣೆ ಕಡೀತಿದ್ಲು. ನಿಮ್ಮಪ್ಪ ಆಲೂಗೆಡ್ಡೆ ಅಗೆಯೋಕೆ ನಮ್ಮೂರಿಗೆ ಬಂದಾಗ ಹೊತ್ಕೊಂಡು ಹೋಗಿರ್ಬೇಕು."

"ನಮ್ಮಪ್ಪ ನಿಮ್ಮೂರಿಂದ ತಂದಿದ್ದು ಬೆನ್ನುನೋವು ಒಂದೇ!" ಎಂದ ಹ್ಯೂಯಿ.

"ಕೊಟ್ಟಿಗೇಲಿ ಕೂತು ನಾನೇ ಕಟ್ಟಿದ್ದು ಅಂತಿದೀನಲ್ಲ!" ಕಾನಲ್ ಕೂಗಿದ.

"ಸಾಕ್ಷಿ ಯಾರಪ್ಪಾ?" ಗಲ್ಲಾದ ಹಿಂದಿನಿಂದ ನಾಬ್ಲಾ ಕೇಳಿದಳು.

"ನಮ್ ಹಸು."

"ಕರ್ಕೊಂಬಾ. ಬೈಬಲ್ ಮೇಲೆ ಗೊರಸಿಡ್ಲಿ."

ಹಕ್ಕು ಸಾಧಿಸಲು ಹ್ಯೂಯಿ ನುಡಿಸಿದ, ಆಮೇಲೆ ಮರ್ಡೋ ನುಡಿಸಿದ. ಇಬ್ಬರೂ ಎದೆಹಾಲಿನ ಜೊತೆಗೇ ಕುಡಿದವರಂತೆ ನುಡಿಸಿದರು. ಪಬ್ಬೆಲ್ಲ ಕಾಲು ತಟ್ಟುತ್ತಿತ್ತು. ಕಟ್ಟಿದವನ ಕಾಲೂ ತಟ್ಟುತ್ತಿತ್ತು; ಅದನ್ನು ಅವನು ಸ್ವಂತ ಕಾಲಿನ ದ್ರೋಹವೆಂದೇ ಬಗೆದ. ಕೊನೆಗೆ ಕರಿ ಬಿಯರಿನ ಸಮ್ಮುಖದಲ್ಲಿ ರಾಜಿಯಾಯಿತು: ಈ ದಡದಲ್ಲಿ ಹ್ಯೂಯಿಯ ಅಪ್ಪನ ಮಟ್ಟು, ಆ ದಡದಲ್ಲಿ ಮರ್ಡೋನ ಅಜ್ಜಿಯ ಮಟ್ಟು.

ಕಾನಲ್ ಸಿಟ್ಟಿನಿಂದ ಪಿಟೀಲನ್ನು ಮತ್ತೆ ಗದ್ದಕ್ಕಿಟ್ಟ. ಕದಿಯುವುದೇ ಇಲ್ಲಿಯ ನ್ಯಾಯವಾದರೆ ತನಗೂ ಕೈಯಿದೆ. ಹ್ಯೂಯಿಯ ಅಪ್ಪ ನಿಜಕ್ಕೂ ಕಟ್ಟಿದ್ದ, ಹ್ಯೂಯಿಯೇ ತನಗೆ ಕಲಿಸಿದ್ದ, ಊರಿನ ನಾಯಿಗೂ ಗೊತ್ತಿದ್ದ ಮಟ್ಟೊಂದನ್ನು ಎತ್ತಿಕೊಂಡು, ಆ ಕೋಪದಲ್ಲೇ ಕೊನೆಯವರೆಗೂ ಕುಯ್ದ.

"ಹಂಗಾದ್ರೆ ಇದೂ ನಂದೇ! ಯಾರಾದ್ರೂ ಅಲ್ಲ ಅನ್ರಿ ನೋಡೋಣ!"

ಯಾರೂ ಅನ್ನಲಿಲ್ಲ. ಬೆಂಕಿಯ ಮುಂದೆ ಮಲಗಿದ್ದ ನಾಯಿ ಎದ್ದು ಹೊರಗೆ ಹೋಯಿತು.

ಹ್ಯೂಯಿ ಅವನ ಹೆಗಲ ಮೇಲೆ ಕೈಯಿಟ್ಟ. "ಇದು ನಿಂದೇ ಕಣಪ್ಪಾ. ನಮ್ಮಪ್ಪನಾಣೆ, ಹುಟ್ಟಿದಾಗಿಂದ ಇಂಥದ್ದು ಕೇಳಿಲ್ಲ."

"ನಮ್ ಕಡೇನೂ ಇಲ್ಲ," ಎಂದು ಮರ್ಡೋ ಆತುರಾತುರವಾಗಿ ಒಪ್ಪಿದ.

ನಾಬ್ಲಾ ಅಲ್ಲೇ 'ಕಾನಲನ ಮಟ್ಟು' ಎಂದು ಹೆಸರಿಟ್ಟಳು. ಹೆಸರು ಇವತ್ತಿಗೂ ಮಾಸಿಲ್ಲ. ಮಟ್ಟನ್ನು ಯಾರೂ ನುಡಿಸುವುದಿಲ್ಲ.